ಕೊಳಲು ಮುಗಿದ ಮೇಲೆ

ಕ್ವೀನ್ಸ್‌ಬರಿಯಿಂದ ವೆಂಬ್ಲಿಗೆ ಟ್ಯೂಬ್ ರೈಲಿನಲ್ಲಿ ಹೋಗುವಾಗ ಪ್ರತಿ ಗುರುವಾರ ನನಗೆ ಒಂದೇ ಚಿಂತೆ: ಇವತ್ತು ಡೋಲು ಬೇರೆಯವರ ಪಾಲಾಗಬಹುದು.

ಆಸ್ಪತ್ರೆಯ ಔಷಧ ವಿಭಾಗದ ಕೆಲಸ ಮುಗಿಸಿಕೊಂಡು ಸಂಜೆ ತರಗತಿಗೆ ಹೋಗುತ್ತಿದ್ದೆ. ವಿಷಯ ಜಪಾನಿನ ಸಂಗೀತ. ಶಿಂಟೋ ಗುಡಿಗಳ ಪೂಜೆಯ ವಾದ್ಯಗಳಿಂದ ಶುರುವಾಗಿ ಈಗಿನ ಹುಡುಗ ಹುಡುಗಿಯರ ಪಾಪ್ ಹಾಡಿನವರೆಗೆ. ಕೊನೆಗೊಂದು ಕಾರ್ಯಕ್ರಮ. ಅದರಲ್ಲಿ ಗುಡಿಯ ಸಂಗೀತಕ್ಕೆ ಕೊಳಲು ಆಲನ್ ಅವರದು; ಅವರು ಬಸ್ ಓಡಿಸಿ ನಿವೃತ್ತರಾದವರು. ಡೋಲು ನನ್ನದು.

ನಾನು ಎಣಿಸುತ್ತಿದ್ದೆ, ಅದೇ ತೊಂದರೆ. ವಿಜಯಪುರದಲ್ಲಿ ಚಿಕ್ಕಂದಿನಿಂದ ಹಾಡು ಕಲಿತವಳು, ತಾಳ ಬೆರಳಿನ ಗೆಣ್ಣುಗಳಲ್ಲೇ ಕೂತುಬಿಟ್ಟಿದೆ. ಎರಡೂ ಕೈಯಲ್ಲಿ ಡೋಲಿನ ಕೋಲು ಹಿಡಿದರೆ ಕಾಲ್ಬೆರಳುಗಳು ಎಣಿಸತೊಡಗುತ್ತಿದ್ದವು. ಅಲ್ಲಿ ಶೂ ಬಿಚ್ಚಿ ಕೂರಬೇಕು. ನಮ್ಮ ಟೀಚರ್ ಮೊರಿತಾ ಅವರ ಕಣ್ಣಿಗೆ ಬಿದ್ದೇ ಬಿತ್ತು.

"ಮತ್ತೆ ತಾಳ ಹಾಕುತ್ತಿದ್ದೀರಿ," ಎಂದರು. "ಇಲ್ಲಿ ಎಣಿಕೆ ನಡೆಯುವುದಿಲ್ಲ. ಆಲನ್ ಅವರ ಉಸಿರು ಮುಗಿಯಬೇಕು. ಆಮೇಲೆ ಸ್ವಲ್ಪ ಖಾಲಿ ಜಾಗ. ಆಮೇಲೆ ನೀವು."

"ನಾನು ಓಡಿಸಿದ ಬಸ್ಸೂ ಟೈಮಿಗೆ ಬಂದದ್ದೇ ಇಲ್ಲ, ಭುವನೇಶ್ವರಿ," ಎಂದು ಆಲನ್ ನಕ್ಕರು.

ಮೊರಿತಾ ನಗಲಿಲ್ಲ. ಮುಂದಿನ ವಾರವೂ ಹೀಗೇ ಆದರೆ ಡೋಲು ಬೇರೆಯವರಿಗೆ, ನನಗೆ ಪಾಪ್ ಹಾಡಿನ ಕೋರಸ್ ಎಂದರು. ಅದರಲ್ಲಿ ತಾಳ ಗಟ್ಟಿಯಾಗಿದೆ, ನಿಮಗೆ ಕಷ್ಟವಾಗುವುದಿಲ್ಲ ಎಂದು ಸಮಾಧಾನವನ್ನೂ ಹೇಳಿದರು. ಅವರು ಹೇಳಿದ್ದೇ ಸರಿ ಇರಬಹುದು. ಆದರೂ ಡೋಲು ಬಿಡಬಾರದೆಂದು ರೈಲಿನಲ್ಲೇ ಗಟ್ಟಿ ಮಾಡಿಕೊಂಡೆ.

ಮನೆಯಲ್ಲಿ ಗಂಡ ನಿತೀಶ ಕಾಲೆಳೆದರು. "ನೀ ಬಾರಸಲಿಲ್ಲಂದ್ರ ಜಪಾನಿನ ದೇವರು ಉಪವಾಸ ಕುಂದರ್ತಾನೇನ?"

"ನೀವು ಸುಮ್ಮನಿರ್ರಿ," ಎಂದು ಅಕ್ಕಿ ಡಬ್ಬಿ ಎತ್ತಿಕೊಂಡು ಅತ್ತೆ ಸುಶೀಲಾಬಾಯಿಯವರ ಮುಂದೆ ಕೂತೆ. ಅವರು ಹಾಡಿದರೆ ಯಾವ ತಾಳಕ್ಕೂ ಸಿಗುವವರಲ್ಲ. "ಅತ್ತಿ, ಒಂದು ಸಾಲು ಎಳದು ಹಾಡ್ರಿ. ನಿಮ್ಮ ಉಸಿರು ಮುಗದ ಮ್ಯಾಲ ನಾ ಹೊಡೀತೀನಿ."

ಅತ್ತೆ ಎಳೆದರು, ನಡುವೆ ನಿಲ್ಲಿಸಿದರು. ನಾನು ಡಬ್ಬಿ ಬಡಿದೆ.

"ನಾ ಎಲ್ಲಿ ಮುಗಿಸೀನಿ? ಸೊಸಿ ಅಂದ್ರ ಇಷ್ಟ ನೋಡು, ಅತ್ತಿ ಮಾತು ಮುಗಿಯಾಕ ಬಿಡೂದಿಲ್ಲ!"

ವಾರವಿಡೀ ಅವರು ಹೀಗೇ ಆಟ ಆಡಿಸಿದರು, ನಾನು ಸೋತೆ. ಕೊನೆಗೆ ಕಿವಿಯನ್ನು ನಂಬುವುದು ಬಿಟ್ಟು ಅವರ ಹೆಗಲು ನೋಡತೊಡಗಿದೆ. ಸಾಲು ನಿಜವಾಗಿ ಮುಗಿದಾಗ ಮಾತ್ರ ಹೆಗಲು ಇಳಿಯುತ್ತಿತ್ತು. ಹೆಗಲು ನೋಡುವಾಗ ಕಾಲ್ಬೆರಳುಗಳು ಸುಮ್ಮನಿರುತ್ತಿದ್ದವು.

ಗುರುವಾರ ಆಲನ್ ಅವರ ಹೆಗಲು ನೋಡಿ ಬಾರಿಸಿದೆ. ಮೊರಿತಾ ನನ್ನ ಕಾಲನ್ನೇ ನೋಡುತ್ತ ಕೂತಿದ್ದು, "ಸರಿ, ನೀವೇ ಇರಿ," ಎಂದರು. ಹೊಗಳಲಿಲ್ಲ. ಅಷ್ಟು ಮಾತು ನನಗೆ ಸಾಕೆನಿಸಿತು, ಸಾಲದೆಂದೂ ಅನಿಸಿತು.

ಕಾರ್ಯಕ್ರಮದ ಸಂಜೆ ನಿತೀಶ, ಅತ್ತೆ ಇಬ್ಬರೂ ಮುಂದಿನ ಸಾಲಿನಲ್ಲೇ ಕೂತಿದ್ದರು. ಮೊದಲ ಏಟುಗಳು ಸರಿಯಾಗಿ ಬಿದ್ದವು. ಆಮೇಲೆ ಒಂದು ಸ್ವರದ ನಡುವೆ ಆಲನ್ ಅವರ ತುಟಿ ಒಣಗಿ ಕೊಳಲು ಥಟ್ಟನೆ ನಿಂತುಹೋಯಿತು.

ಸಭೆಯೆಲ್ಲ ನನ್ನ ಎತ್ತಿದ ಕೋಲನ್ನು ನೋಡುತ್ತಿತ್ತು. ಹೊಡೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ; ಸಾಲು ಅಲ್ಲಿಗೇ ಮುಗಿದಂತೆ ಕೇಳುತ್ತಿತ್ತು. ತಡ ಮಾಡಿದರೆ ಮರೆತೆನೆಂದುಕೊಳ್ಳುತ್ತಾರೆ.

"ಹೊಡಿಯವ್ವಾ, ಯಾಕ ಕುಂತಿ!" ಎಂದು ಅತ್ತೆ ಸಭೆಗೆಲ್ಲ ಕೇಳುವಂತೆ ಹೇಳಿದರು. ನಿತೀಶ ತಾಯಿಯ ಕೈ ಹಿಡಿದು ತಡೆದರು.

ಆಲನ್ ಅವರ ಹೆಗಲು ಇನ್ನೂ ಮೇಲೇ ಇತ್ತು. ನಾನು ಹೊಡೆಯಲಿಲ್ಲ.

ಅವರು ತುಟಿ ಒದ್ದೆ ಮಾಡಿಕೊಂಡು ಅದೇ ಸ್ವರವನ್ನು ಮತ್ತೆ ಹಿಡಿದರು. ಮೊದಲಿಗಿಂತ ಸಣ್ಣಗೆ, ಆದರೆ ಕೊನೆಯವರೆಗೂ ಊದಿದರು. ಹೆಗಲು ನಿಧಾನವಾಗಿ ಇಳಿಯಿತು. ಖಾಲಿ ಜಾಗವನ್ನು ಅದರ ಪಾಡಿಗೆ ಬಿಟ್ಟೆ. ಆಮೇಲೆ ಕೋಲನ್ನು ಡೋಲಿನ ಮೇಲೆ ಇಳಿಸಿದೆ.