ಕೇಳುವ ಮೊದಲೇ ಹೂಂ

ಊಟದ ಡಬ್ಬಿ ಮುಚ್ಚಿಟ್ಟು ಲಾವಣ್ಯ ಪರದೆಯ ಕಡೆ ತಿರುಗಿದಾಗ ಶಿರಾ, ಮಧುಗಿರಿ, ಕೊರಟಗೆರೆ ಮೂರೂ ನಿದ್ದೆಗೆ ಜಾರಿದ್ದವು. ಎದ್ದು ಓಡಾಡುತ್ತಿದ್ದದ್ದು ಪಾವಗಡ ಒಂದೇ.

ಇದು ಊರುಗಳ ಮಾತಲ್ಲ. ಅವಳೂ ಅವಳ ಕಾಲೇಜಿನ ಗೆಳೆಯ ಗೋಪಾಲನೂ ಸೇರಿ ನಡೆಸುತ್ತಿದ್ದ ‘ಮಂದೆ’ ಎಂಬ ವೆಬ್‌ಸೈಟಿನ ನಾಲ್ಕು ಸರ್ವರ್‌ಗಳಿಗೆ ಇಟ್ಟ ಹೆಸರುಗಳು. ಆ ಯಂತ್ರಗಳು ಎಲ್ಲೋ ದೂರದ ತಣ್ಣನೆಯ ಕಟ್ಟಡದಲ್ಲಿದ್ದವು. ಇವಳು ಕೂತಿದ್ದದ್ದು ಮಧುಗಿರಿ ಪೇಟೆಯ ಟೈರ್ ಅಂಗಡಿಯ ಮಹಡಿಯಲ್ಲಿ. ಕಿಟಕಿಯ ತುಂಬ ಬೆಟ್ಟ, ಬೆಟ್ಟದ ತುಂಬ ಬಿಸಿಲು. ತಲೆಯ ಮೇಲೆ ಫ್ಯಾನು ಬೇಕೋ ಬೇಡವೋ ಎಂಬಂತೆ ತಿರುಗುತ್ತಿತ್ತು. ಪರದೆಯ ಮೇಲಿನ ನಾಲ್ಕು ಬಣ್ಣದ ಗೆರೆಗಳನ್ನು ಅರೆಗಣ್ಣಲ್ಲಿ ನೋಡುತ್ತಿದ್ದರೆ ನಾಲ್ಕು ತಾಲ್ಲೂಕುಗಳೇ ಕಣ್ಣ ಮುಂದೆ ಮಲಗಿದಂತೆ ಕಾಣುತ್ತಿತ್ತು.

ಮಂದೆಯ ವ್ಯವಹಾರ ಸರಳ. ಕುರಿ ಮಾರುವವರು ಫೋಟೊ ಹಾಕುತ್ತಾರೆ, ಕೊಳ್ಳುವವರು ನೋಡಿ ಫೋನು ಮಾಡುತ್ತಾರೆ. ಗೋಪಾಲ ಸಂತೆ ಸಂತೆ ಅಲೆದು ಜನರನ್ನು ಸೇರಿಸುತ್ತಿದ್ದ. ಸೇರಿದ ಜನರ ಭಾರವನ್ನು ಸರ್ವರ್‌ಗಳು ತಾಳುವಂತೆ ನೋಡಿಕೊಳ್ಳುವುದು ಲಾವಣ್ಯಳ ಪಾಲು. ಮೊದಲು ಒಂದೇ ಸರ್ವರ್ ಕಾಲು ಚಾಚಿಕೊಂಡು ಕೆಲಸ ಮಾಡುತ್ತಿತ್ತು. ಈ ವರ್ಷ ಬಕ್ರೀದ್ ಹತ್ತಿರ ಬರುತ್ತಿದ್ದಂತೆ ಹಿಂದೂಪುರದಿಂದ, ಬೆಂಗಳೂರಿನಿಂದ ಜನ ಹೇಗೆ ನುಗ್ಗಿದರೆಂದರೆ ನಾಲ್ಕಿದ್ದರೂ ಸಾಲದಾಯಿತು. ಆಗ ಅವಳು ಬಾಗಿಲಿಗೊಂದು ಲೋಡ್ ಬ್ಯಾಲೆನ್ಸರ್ ನಿಲ್ಲಿಸಿದಳು. ಯಾರ ಕೈ ಬಿಡುವಾಗಿದೆಯೋ ಅವರ ಕಡೆಗೆ ಬಂದವರನ್ನು ಕಳಿಸುವುದು ಅದರ ಕೆಲಸ. ನಡುನಡುವೆ ಅದು ನಾಲ್ಕು ಸರ್ವರ್‌ಗಳನ್ನೂ ‘ಇದ್ದೀಯಾ?’ ಎಂದು ಕೇಳುತ್ತದೆ. ಇದ್ದೀನಿ ಎಂದರೆ ಕೆಲಸ ಹೊರಿಸುತ್ತದೆ, ಸುಮ್ಮನಿದ್ದರೆ ಬಿಟ್ಟುಬಿಡುತ್ತದೆ. ಆ ಪ್ರಶ್ನೆಯನ್ನು ಬರೆದವಳು ಲಾವಣ್ಯಳೇ. ಬರೆದ ದಿನ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು.

ಅಂಥದೇ ಪ್ರಶ್ನೆಯನ್ನು ಅವಳು ದಿನಾ ಊಟದ ಹೊತ್ತಿಗೆ ದೊಡ್ಡೇರಿ ಹತ್ತಿರದ ಹಟ್ಟಿಗೂ ಫೋನು ಮಾಡಿ ಕೇಳುತ್ತಿದ್ದಳು. ಅಲ್ಲಿ ಹೊನ್ನಕ್ಕ ಇದ್ದಳು, ಲಾವಣ್ಯಳ ತಾಯಿಯ ಅಕ್ಕ. ತಾಯಿ ಇಲ್ಲದ ಲಾವಣ್ಯಳನ್ನು ಸಾಕಿದ್ದು ಅವಳೇ. ಈಗ ಲಾವಣ್ಯಳ ನಾಲ್ಕು ವರ್ಷದ ಮಗಳು ಅಶ್ವಿನಿಯನ್ನು ಹಗಲೆಲ್ಲ ನೋಡಿಕೊಳ್ಳುವುದೂ ಅವಳೇ. ಲಾವಣ್ಯಳ ಗಂಡ ಪ್ರಸನ್ನ ಕುಮಾರ್ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆ ಇರುತ್ತಿರಲಿಲ್ಲ. ಹಬ್ಬ ಮುಗಿಯುವ ತನಕ ಮಗು ರಾತ್ರಿಯೂ ಅಲ್ಲೇ ಇರಲಿ ಎಂದು ಕೇಳಲು ಲಾವಣ್ಯ ಇವತ್ತು ಸಂಕೋಚದಿಂದಲೇ ಫೋನು ಮಾಡಿದ್ದಳು.

“ದೊಡ್ಡಮ್ಮ, ಹೆಂಗಿ...”

“ಚೆನ್ನಾಗಿದೀನಿ ಕಣಮ್ಮ. ಮಗಾ ಇಲ್ಲೇ ಇರ್ಲಿ ಬುಡು, ನಾನ್ ನೋಡ್ಕಂತೀನಿ.”

ಕೇಳುವ ಮೊದಲೇ ಉತ್ತರ ಬಂದಿತ್ತು. ಅದೆಷ್ಟು ಹಗುರವಾಯಿತೆಂದರೆ ಲಾವಣ್ಯ ಆಮೇಲೆ ಎರಡು ತುತ್ತು ಹೆಚ್ಚಿಗೆ ಉಂಡಿದ್ದಳು.

ಈಗ ಪಾವಗಡದ ಗೆರೆ ಏರುತ್ತಲೇ ಇತ್ತು. ಬಂದವರನ್ನೆಲ್ಲ ಕಣ್ಣು ಮಿಟುಕಿಸುವುದರೊಳಗೆ ಕಳಿಸಿಕೊಡುತ್ತಿತ್ತು. ಭೇಷ್ ಅಂದುಕೊಂಡಳು. ತೂಕಡಿಕೆಯಲ್ಲಿ ಒಂದು ಉದ್ದನೆಯ ರಸ್ತೆ ಕಂಡಿತು. ರುಮಾಲಿನವರು, ಟೋಪಿಯವರು, ಮಗು ಎತ್ತಿಕೊಂಡವರು ಎಲ್ಲರೂ ಬಿಸಿಲಲ್ಲಿ ಪಾವಗಡದ ಕಡೆಗೇ ನಡೆಯುತ್ತಿದ್ದರು. ಶಿರಾದ ಬೀದಿ ಖಾಲಿ, ಕೊರಟಗೆರೆಯ ಬಸ್‌ ನಿಲ್ದಾಣದಲ್ಲಿ ನೊಣ ಕೂಡ ಇರಲಿಲ್ಲ. ಹೋದವರು ಯಾಕೆ ಯಾರೂ ತಿರುಗಿ ಬರುತ್ತಿಲ್ಲ ಎಂದು ಅವಳು ಕನಸಿನಲ್ಲೇ ಯೋಚಿಸುತ್ತಿದ್ದಾಗ ಫೋನು ಬಡಿದುಕೊಂಡಿತು.

ಶಿರಾದ ಸಂತೆಯಿಂದ ಗೋಪಾಲ. ಸುತ್ತ ಕುರಿಗಳ ಗದ್ದಲ.

“ಲಾವಣ್ಯ, ಒಂದ್ ಕುರೀನೂ ಕಾಣ್ತಿಲ್ಲ ಕಣೇ. ಸೈಟ್ ತೆಗೆದ್ರೆ ಬರೀ ಬೆಳ್ಳಗೈತೆ.”

ಹಾಗೆಲ್ಲ ಆಗುವುದಕ್ಕಿಲ್ಲ, ನಾಲ್ಕೂ ಸರ್ವರ್‌ಗಳು ಇದ್ದೀನಿ ಅನ್ನುತ್ತಿವೆ ಎಂದು ಅವಳು ವಾದಿಸಿದಳು. ಅವನು ಮಾತು ಬೆಳೆಸದೆ ತನ್ನ ಪರದೆಯ ಚಿತ್ರ ತೆಗೆದು ಕಳಿಸಿದ. ನಿಜಕ್ಕೂ ಬೆಳ್ಳಗಿತ್ತು, ಒಗೆದು ಹರವಿದ ಪಂಚೆಯ ಹಾಗೆ.

ಪಾವಗಡದ ಒಳಹೊಕ್ಕು ನೋಡಿದಾಗ ಅವಳ ನಿದ್ದೆ ಪೂರಾ ಹಾರಿತು. ಕುರಿಗಳ ಫೋಟೊ, ವಿವರ ಎಲ್ಲ ಇರುವ ಉಗ್ರಾಣಕ್ಕೂ ಪಾವಗಡಕ್ಕೂ ನಡುವಿನ ಸಂಪರ್ಕ ಬೆಳಿಗ್ಗೆಯೇ ಕಡಿದುಹೋಗಿತ್ತು. ಅದರ ಕೈಯಲ್ಲಿ ಕೊಡುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ‘ಇದ್ದೀಯಾ?’ ಎಂದಾಗಲೆಲ್ಲ ‘ಇದ್ದೀನಿ’ ಎನ್ನುತ್ತಿತ್ತು. ಬಂದವರ ಕೈಗೆ ಖಾಲಿ ಹಾಳೆಯಿಟ್ಟು ಸಾಗಹಾಕುವುದಕ್ಕೆ ಎಷ್ಟು ಹೊತ್ತು ಬೇಕು? ಹಾಗಾಗಿ ಅದರ ಕೈ ಯಾವಾಗಲೂ ಬಿಡುವು. ಬಿಡುವು ಕಂಡ ಬ್ಯಾಲೆನ್ಸರ್ ಇನ್ನಷ್ಟು ಜನರನ್ನು ಅದರ ತಲೆಗೇ ಕಟ್ಟುತ್ತಿತ್ತು. ಸರಿಯಾಗಿ ಕೆಲಸ ಮಾಡುವ ಮೂರು ಸರ್ವರ್‌ಗಳು ನೊಣ ಹೊಡೆಯುತ್ತ ಕೂತಿದ್ದವು.

ಅವಳು ಪಾವಗಡವನ್ನು ಸಾಲಿನಿಂದ ಬಿಡಿಸಿದಳು. ಭಾರವೆಲ್ಲ ಉಳಿದ ಮೂರರ ಮೇಲೆ ಬಿತ್ತು. ಮೂರೂ ಒಮ್ಮೆ ಜಗ್ಗಿ, ತಡವರಿಸಿ, ನಿಂತುಕೊಂಡವು. ಕುರಿಗಳು ಕಾಣತೊಡಗಿವೆ ಎಂದು ಗೋಪಾಲ ತಿಳಿಸಿದ. ಆಮೇಲೆ ಅವಳು ತನ್ನ ಪ್ರಶ್ನೆಯನ್ನೇ ಅಳಿಸಿ ಬೇರೆ ಬರೆದಳು. ಇನ್ನು ಮೇಲೆ ಇದ್ದೀಯಾ ಎಂದು ಕೇಳುವ ಹಾಗಿಲ್ಲ. ಉಗ್ರಾಣದಿಂದ ಒಂದು ಕುರಿಯನ್ನು ತಂದು ತೋರಿಸು ಎನ್ನಬೇಕು. ತೋರಿಸಿದರೆ ಸರಿ. ಪಾವಗಡಕ್ಕೆ ಆ ಪ್ರಶ್ನೆ ಹಾಕಿದಳು. ಅದು ತಡವರಿಸಿತು, ಕೊನೆಗೆ ಸುಮ್ಮನಾಯಿತು.

ಆ ಮೌನ ನೋಡುತ್ತ ಕೂತವಳಿಗೆ ದೊಡ್ಡಮ್ಮನ ದನಿ ಕೇಳಿದ ಹಾಗಾಯಿತು. ಚೆನ್ನಾಗಿದೀನಿ ಕಣಮ್ಮ, ಬುಡು. ಮಗಳು ಮೊನ್ನೆ ಫೋನಿನಲ್ಲಿ ಅಜ್ಜಿ ತನ್ನ ಕೈ ಬಿಡುವುದೇ ಇಲ್ಲ ಎಂದು ದೂರಿದ್ದಳು. ದೊಡ್ಡಮ್ಮನಿಗೆ ಎಷ್ಟು ಕಾಳಜಿ ಎಂದು ಇವಳು ನಕ್ಕಿದ್ದಳು. ಈಗ ನಗು ಬರಲಿಲ್ಲ. ಸಂಜೆಯ ಪಾಳಿ ನೀನೇ ನೋಡಿಕೋ ಎಂದು ಗೋಪಾಲನಿಗೆ ಹೇಳಿ, ಅವನ ಗೊಣಗಾಟ ಮುಗಿಯುವ ಮುಂಚೆಯೇ ಬಸ್‌ ಹಿಡಿದಳು.

ಹಟ್ಟಿಯ ದಾರಿಯಲ್ಲಿ ಹೊತ್ತು ಇಳಿಯುತ್ತಿತ್ತು. ಎದುರಿಗೆ ನೀರಿನ ತೊಟ್ಟಿಯ ಕಡೆಯಿಂದ ಹೊನ್ನಕ್ಕನೂ ಅಶ್ವಿನಿಯೂ ಬರುತ್ತಿದ್ದರು. ದೂಳು ಹೊಂಬಣ್ಣಕ್ಕೆ ತಿರುಗಿ, ಇಬ್ಬರೂ ನೆಲ ಮುಟ್ಟದೆ ತೇಲಿಬರುತ್ತಿದ್ದಾರೆ ಅನ್ನಿಸುತ್ತಿತ್ತು. ಲಾವಣ್ಯ ಕೂಗಿ ಕರೆಯದೆ ಬೇಲಿಯ ಪಕ್ಕ ನಿಂತಳು. ಮಗು ಒಂದು ಹೆಜ್ಜೆ ಮುಂದಿತ್ತು. ಕಲ್ಲು ಬಂದಲ್ಲಿ ಮಗು ನಿಲ್ಲುತ್ತಿತ್ತು, ಅಜ್ಜಿಯೂ ನಿಲ್ಲುತ್ತಿದ್ದಳು. ಇಬ್ಬರೂ ಇವಳ ಮುಂದೆಯೇ ಹಾದರು. ಮಗು “ಅಮ್ಮ” ಎಂದಾಗಲೇ ಹೊನ್ನಕ್ಕ ಮುಖ ತಿರುಗಿಸಿದ್ದು, ಅದೂ ಲಾವಣ್ಯ ನಿಂತಿದ್ದ ಕಡೆಗಲ್ಲ.

ಅಷ್ಟರಲ್ಲಿ ಮಂದೆ ಬಂತು. ಹೊನ್ನಕ್ಕನ ತಮ್ಮ ಮುದ್ದಪ್ಪ ಹಗಲೆಲ್ಲ ಕುರಿಗಳನ್ನು ಮೇಯಿಸಿ ತಂದರೆ, ಕುರಿ ಕೂಡುವ ರೊಪ್ಪದಲ್ಲಿ ಉಳಿದ ಎಳೆಮರಿಗಳನ್ನು ಅವವುಗಳ ತಾಯಿಗೆ ಸೇರಿಸುವುದು ಹೊನ್ನಕ್ಕನ ಕೆಲಸ. ಮುಖ ನೋಡಿಯೇ ಇದು ಇಂಥದರ ಮರಿ ಎಂದು ಹೇಳುವುದರಲ್ಲಿ ಅವಳಿಗೆ ಸಮಾನರಿರಲಿಲ್ಲ. ಅದಕ್ಕೇ ನೆರೆಮನೆಯ ದಾಸಮ್ಮ, ಪರ್ವತಯ್ಯ ಎಲ್ಲರೂ ತಮ್ಮ ಕುರಿ, ಮರಿಗಳನ್ನೂ ಇಲ್ಲಿಗೇ ತಂದುಬಿಟ್ಟು ಕೈತೊಳೆದುಕೊಂಡಿದ್ದರು. ಈ ಸಲ ಯಾಕೋ ಕುರಿಗಳಿಗೆ ಹಾಲೇ ಇಲ್ಲ, ಮರಿಗಳು ಬಡವಾಗಿವೆ ಎಂದು ಮುದ್ದಪ್ಪ ಕಾಲು ತೊಳೆಯುತ್ತ ಲಾವಣ್ಯಳಿಗೆ ಹೇಳಿದ.

ಹೇಗಿದೀಯಾ ಎಂದು ಲಾವಣ್ಯ ಕೇಳಲಿಲ್ಲ. ರೊಪ್ಪಕ್ಕೆ ಹೋಗಿ, ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಮರಿಯೊಂದನ್ನು ಎತ್ತಿ ದೊಡ್ಡಮ್ಮನ ಕೈಗೆ ಕೊಟ್ಟಳು.

“ಇದ್ಯಾರ್ದು ದೊಡ್ಡಮ್ಮ?”

“ಕೆಂಚೀದು,” ಎಂದಳು ಹೊನ್ನಕ್ಕ ತಟ್ಟನೆ. ಎದ್ದು ತಡವುತ್ತ ಹೋಗಿ ಒಂದು ಕುರಿಯ ಕೆಚ್ಚಲಿಗೆ ಮರಿಯನ್ನು ಒಡ್ಡಿದಳು. ಕುರಿ ಒಮ್ಮೆ ಮೂಸಿ ನೋಡಿ ಒದ್ದು ದೂರ ಸರಿಯಿತು. ಅದು ಕೆಂಬಣ್ಣದ ಕೆಂಚಿ ಅಲ್ಲವೇ ಅಲ್ಲ, ಕಡುಗಪ್ಪು ಕುರಿ. “ಕೊಬ್ಬು ಇದುಕ್ಕೆ,” ಎಂದು ಹೊನ್ನಕ್ಕ ಇನ್ನೊಂದರ ಕಡೆ ಕೈಚಾಚಿದಳು. ಮರಿ ಅವಳ ಸೆರಗು ಚೀಪುತ್ತಿತ್ತು.

ಲಾವಣ್ಯ ಅವಳನ್ನು ಮೆಲ್ಲಗೆ ಕಲ್ಲಿನ ಮೇಲೆ ಕೂರಿಸಿದಳು. ಹತ್ತಿರದಿಂದ ನೋಡಿದರೆ ಎರಡೂ ಕಣ್ಣಲ್ಲಿ ಹಾಲು ಬೆರೆಸಿದಂಥ ಪೊರೆ. ದಿನಾ ಬೆಳಿಗ್ಗೆ ಇದೇ ಮುಖದ ಮುಂದೆ ಮಗುವನ್ನು ಇಳಿಸಿ ಓಡುತ್ತಿದ್ದವಳು ಒಂದು ದಿನವೂ ನಿಂತು ನೋಡಿರಲಿಲ್ಲ.

“ಯಾಕೆ ಹೇಳ್ಲಿಲ್ಲ?”

ಹೊನ್ನಕ್ಕ ಮರಿಯ ಬೆನ್ನು ಸವರಿದಳು. “ಕಣ್ ಕಾಣಲ್ಲ ಅಂದ್ರೆ ಕೈಗ್ ಮರಿ ಯಾರ್ ಕೊಡ್ತಾರೆ ಕಣಮ್ಮ? ನೀನಾದ್ರೂ ನಿನ್ ಮಗೀನ ಬುಟ್ಟೋಗ್ತಿದ್ಯಾ?”

ಬಿಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು, ಆದ್ದರಿಂದ ಲಾವಣ್ಯ ಸುಳ್ಳು ಹೇಳಲಿಲ್ಲ. ಬಾಗಿಲ ಬಳಿ ಮುದ್ದಪ್ಪ ತಂಬಿಗೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದ. ಹಾಲಿಲ್ಲ ಎಂದು ಕುರಿಗಳನ್ನು ಬೈದದ್ದೆಲ್ಲ ಅವನಿಗೆ ನೆನಪಾಗುತ್ತಿತ್ತೋ ಏನೋ. ಆಮೇಲೆ ಅವನು ದಾಸಮ್ಮನ ಕುರಿ, ಮರಿಗಳನ್ನು ಬೇರೆ ಮಾಡಿ ಅವಳ ಮನೆಯ ಕಡೆ ಹೊಡೆದುಕೊಂಡು ಹೋದ.

ಲಾವಣ್ಯ ಗೋಪಾಲನಿಗೆ ಫೋನು ಮಾಡಿದಳು. ನಾಳೆ ದೊಡ್ಡಮ್ಮನ ಕಣ್ಣು ತೋರಿಸುವುದಿದೆ, ಮಧ್ಯಾಹ್ನದ ತನಕ ತನ್ನನ್ನು ಕೇಳಬೇಡ ಎಂದಳು. ಹಬ್ಬದ ನೂಕುನುಗ್ಗಲಲ್ಲಿ ಬಿಟ್ಟುಹೋಗುತ್ತೀಯಾ ಎಂದು ಅವನು ಸಿಡುಕಿದ. ಹೌದು ಎಂದು ಫೋನಿಟ್ಟಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮರಿಗಳನ್ನು ಒಂದೊಂದಾಗಿ ಎತ್ತಿ ಗುರುತು ಹೇಳತೊಡಗಿದಳು. ಎಡಗಿವಿ ಕಪ್ಪು, ಬಾಲದ ತುದಿ ಬಿಳಿ ಎಂದರೆ ಹೊನ್ನಕ್ಕ ಕಣ್ಣು ಮುಚ್ಚಿ, ಅದು ಮೋಟುಕಿವೀದು ಎನ್ನುವಳು. ಅಶ್ವಿನಿ ಓಡಿಹೋಗಿ ಮೋಟುಕಿವಿಯನ್ನು ತೋರಿಸುವಳು. ಕೆಂಚಿಯೂ ಸಿಕ್ಕಿದಳು. ಬೊಟ್ಟಿನ ಮರಿ ಬಾಲ ಅಲ್ಲಾಡಿಸುತ್ತ ಮಂಡಿಯೂರಿ ಕುಡಿಯಿತು. ರೊಪ್ಪದ ಅರಚಾಟ ಒಂದೊಂದೇ ದನಿ ಕಡಿಮೆಯಾಗುತ್ತ ಬಂತು.

ಕೊನೆಗೊಂದು ಮರಿ ಉಳಿಯಿತು. ಅದನ್ನು ಅವಳು ದೊಡ್ಡಮ್ಮನ ಮಡಿಲಲ್ಲಿಟ್ಟು ಪಕ್ಕದಲ್ಲೇ ಕೂತಳು. ಬೆಟ್ಟದ ಕಡೆಯ ಬೆಳಕು ಆರುತ್ತಿತ್ತು.

“ಹೆಂಗಿದೀಯಾ ದೊಡ್ಡಮ್ಮ?”

ಹೊನ್ನಕ್ಕ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಮರಿಯ ಕಿವಿಯನ್ನು ಬೆರಳಲ್ಲಿ ಹುಡುಕಿ ಹಿಡಿದು ನೀವುತ್ತ ಕೂತಳು. ಮಂದೆ ಮೆಲುಕು ಹಾಕುವ ಸದ್ದು ಕೇಳುತ್ತಿತ್ತು. ಲಾವಣ್ಯ ಮತ್ತೆ ಕೇಳಲಿಲ್ಲ. ದೊಡ್ಡಮ್ಮನ ಮಂಡಿಯ ಮೇಲೆ ಕೈಯಿಟ್ಟುಕೊಂಡು ಉತ್ತರಕ್ಕೆ ಕಾಯುತ್ತಿದ್ದಳು.