ಇಲಿಯಕ್ಕನ ಕೈ

"ಏ ಮುಂಡೆ, ಅಲ್ಲೇನು ಇಲಿ ಜೊತೆ ಸಂಸಾರ ಹೂಡಿದ್ದೀಯಾ? ಬೇಗ ಬೇಗ ಇಟ್ಟು ತೊಲಗು!"

ಬೇಕರಿ ಸಾವ್ಕಾರನ ಮಾತಿಗೆ ಇಲಿಯಕ್ಕ ತಲೆ ಎತ್ತಲಿಲ್ಲ. ಮೈದಾ ಮೂಟೆಗಳ ಹಿಂದೆ ಬೋರಲು ಮಲಗಿ, ಪಾಷಾಣ ಕಲಸಿದ ಹಿಟ್ಟಿನ ಉಂಡೆಯನ್ನು ಬಿಲಕ್ಕೆ ತುರುಕುತ್ತಿದ್ದಳು.

"ಸಂಸಾರಕ್ಕೆ ಇಲೀನೇ ವಾಸಿ ಸಾವ್ಕಾರ್ರೆ. ಕುಡಿದು ಬರಲ್ಲ."

ಒಲೆಯ ಮುಂದಿದ್ದ ಭಟ್ಟಿಯಣ್ಣ ಕಿಸಕ್ಕನೆ ನಕ್ಕ.

ಕೈಗೆ ಗ್ಲೌಸು ಕೊಡಿ ಎಂದು ಅವಳು ಬಂದ ಕೂಡಲೇ ಕೇಳಿದ್ದಳು. ಕೇಕು ಮುಟ್ಟುವವರಿಗೆ ಅದು ಡಬ್ಬಿಗಟ್ಟಲೆ ಇತ್ತು. "ಅದು ತಿನ್ನೋರ ಆರೋಗ್ಯಕ್ಕೆ ಕಣೇ. ನಿನ್ನ ಉಂಡೆ ತಿನ್ನೋದು ಇಲಿ. ಸಾಯೋದಕ್ಕೇ ತಿನ್ನೋ ಪ್ರಾಣಿಗೆ ಎಂಥಾ ಶುಚಿ?" ಎಂದು ಸಾವ್ಕಾರ ಹೊಟ್ಟೆ ಕುಣಿಸಿ ನಕ್ಕಿದ್ದ.

ಇಲಿಯಕ್ಕನ ಫೋನು ಹೊಡೆದುಕೊಂಡಿತು. ಅವಳ ಬೆರಳಿಗೆ ಮೆತ್ತಿದ್ದ ಪುಡಿ ನೋಡಿ ಭಟ್ಟಿಯಣ್ಣನೇ ಫೋನನ್ನು ಅವಳ ಕಿವಿಗೆ ಹಿಡಿದ.

"ಎಲ್ಲಿ ಸತ್ತಿದ್ದೀಯೇ?" ಅತ್ತೆಯ ದನಿ. "ನಿನ್ನ ಕೂಸು ಅತ್ತೂ ಅತ್ತೂ ನೀಲಿ ಆಗಿದೆ. ಡಬ್ಬಿ ಹಾಲು ಉಗೀತಾಳೆ. ನನ್ನ ಎದೆಗೇ ಬಾಯಿ ಹಾಕ್ತಾಳೆ, ಇಲ್ಲೇನಿದೆ ಮಣ್ಣು! ಎತ್ಕೊಂಡು ಅಲ್ಲಿಗೇ ಬರ್ತಿದ್ದೀನಿ."

ಇಲಿಯಕ್ಕ ಹಿತ್ತಲಿಗೆ ಓಡಿ ಮೊಣಕೈಯಲ್ಲಿ ನಲ್ಲಿ ತಿರುಗಿಸಿದಳು. ನಲ್ಲಿ ಕೆಮ್ಮಿತು, ಒಂದು ಹನಿಯೂ ಉದುರಲಿಲ್ಲ. ಕೆಲಸದವರ ನಲ್ಲಿ ಅದು. ಅಂಗಡಿಯೊಳಗಿನ ಬೇಸಿನ್ನಿನಲ್ಲಿ ಮಾತ್ರ ನೀರು ಧೋ ಎನ್ನುತ್ತಿತ್ತು.

"ಸಾವ್ಕಾರ್ರೆ, ಒಂದ್ಸಲ ಬೇಸಿನ್ನಲ್ಲಿ ಕೈ ತೊಳ್ಕೋತೀನಿ. ಮಗೂಗೆ ಹಾಲು ಕೊಡ್ಬೇಕು."

"ಗಿರಾಕಿಗಳು ಬಾಯಿ ತೊಳೆಯೋ ಜಾಗ ಅದು! ಇಲಿ ಮುಟ್ಟೋ ಕೈ ಅಲ್ಲಿ ಇಟ್ರೆ ನಾಳೆಯಿಂದ ನಾಯೀನೂ ಬರಲ್ಲ. ಬಟ್ಟೆಗೆ ಒರೆಸ್ಕೋ."

"ಈ ಬಟ್ಟೆ ಮೇಲೇ ಮಗು ಮಲಗೋದು."

"ಹಾಗಾದ್ರೆ ನೆಕ್ಕು, ಹೋಗು!"

ಇಲಿಯಕ್ಕ ನೆಟ್ಟಗೆ ಅಂಗಡಿಯ ಮುಂಭಾಗಕ್ಕೆ ನಡೆದಳು. ಹಬೆಯಾಡುವ ಬನ್ನುಗಳ ತಟ್ಟೆ ಆಗಷ್ಟೇ ಬಂದಿತ್ತು. ಅದರ ಮೇಲೆ ಎರಡೂ ಕೈ ಚಾಚಿದಳು.

"ಇಲಿ ಪಾಷಾಣ," ಎಂದಳು ಗಿರಾಕಿಗಳ ಕಡೆ ತಿರುಗಿ. "ಸಾವ್ಕಾರ್ರು ನೆಕ್ಕು ಅಂದ್ರು. ಒಬ್ಬಳೇ ನೆಕ್ಕೋದು ಚೆನ್ನಾಗಿರುತ್ತಾ? ನಿಮಗೂ ಹಂಚೋಣ ಅಂತ."

ಬನ್ನು ಕಚ್ಚಿದ್ದ ದಪ್ಪ ಮೀಸೆಯವನು ಬಾಯಲ್ಲಿದ್ದುದನ್ನೆಲ್ಲ ಅಂಗೈಗೆ ಉಗಿದ. ಸಾವ್ಕಾರ ಓಡಿ ಬಂದ.

"ಅಯ್ಯೋ, ಕೈ ತೆಗಿ ತಾಯಿ! ಬೇಸಿನ್ನಿಗೆ ಹೋಗಮ್ಮಾ, ನಿನ್ನದೇ ಅನ್ಕೋ!"

ಇಷ್ಟು ಬೇಗ ಮುಂಡೆಯಿಂದ ತಾಯಿಯಾದವರು ಆ ಬೀದಿಯಲ್ಲಿ ಬೇರೆ ಯಾರೂ ಇರಲಾರರು.

"ನಡೆದ್ರೆ ಪುಡಿ ಉದುರುತ್ತೆ. ನೀರು ಇಲ್ಲಿಗೇ ತನ್ನಿ."

ಕೆಲಸದವರು ಯಾರೂ ಅಲುಗಲಿಲ್ಲ. ಭಟ್ಟಿಯಣ್ಣನಿಗೆ ಇದ್ದಕ್ಕಿದ್ದಂತೆ ಒಲೆಯ ಮೇಲೆ ಬಹಳ ಪ್ರೀತಿ ಬಂದುಬಿಟ್ಟಿತ್ತು, ಅತ್ತಲೇ ನೋಡುತ್ತ ನಿಂತ. ಸಾವ್ಕಾರ ತಾನೇ ಬೋಗುಣಿ ತಂದು ಅವಳ ಕೈ ಕೆಳಗೆ ಹಿಡಿದ, ತಾನೇ ಚೊಂಬು ಬಗ್ಗಿಸಿದ. ಸೋಪನ್ನೂ ತಾನೇ ಹಚ್ಚಿದ.

ಬಾಗಿಲಲ್ಲಿ ಅತ್ತೆ ಬಂದು ನಿಂತಳು. ಹೆಗಲ ಮೇಲೆ ಕೂಸು ಬೀದಿಗೆಲ್ಲ ಕೇಳುವ ಹಾಗೆ ಅರಚುತ್ತಿತ್ತು.

"ಉಗುರು ಸಂದಿ ನೋಡ್ಕೊಳ್ಳೇ!" ಎಂದು ಅಲ್ಲಿಂದಲೇ ಕೂಗಿದಳು.

"ಸಾಕಾ?" ಸಾವ್ಕಾರ ಹಲ್ಲು ಕಚ್ಚಿ ಕೇಳಿದ.

ಇಲಿಯಕ್ಕ ಬೆರಳುಗಳನ್ನು ಅಗಲಿಸಿ ಬೆಳಕಿಗೆ ಹಿಡಿದು ನೋಡಿದಳು.

"ಇನ್ನೂ ಹುಯ್ಯಿ," ಎಂದಳು.