ಕರ್ಮಪದ

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವ ರೈಟರ್ ನಾನು. ಜನ ಬಾಯಿಗೆ ಬಂದ ಹಾಗೆ ಮಾತಾಡುತ್ತಾರೆ. ಅದಕ್ಕೆ ಮುಖ ತೊಳೆಸಿ, ತಲೆ ಬಾಚಿ, ವಾಕ್ಯ ಮಾಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ವ್ಯಾಕರಣದಲ್ಲಿ ಯಾರೂ ತಪ್ಪು ಹಿಡಿದಿರಲಿಲ್ಲ. ಹಿಡಿಯುವಷ್ಟು ಓದಿದವರನ್ನು ನಾವು ಅಷ್ಟಾಗಿ ಎಳೆದು ತರುವುದೂ ಇಲ್ಲ ಅನ್ನಿ.

ಅವತ್ತು ಆಸ್ಪತ್ರೆಯ ಆಯಾಳನ್ನು ಕರೆತಂದರು. ವಾರ್ಡಿನ ಬೀರುವಿನಿಂದ ನೋವಿನ ಇಂಜೆಕ್ಷನ್ ಡಬ್ಬಿ ಮಾಯವಾಗಿ, ಆಪರೇಷನ್ ಆದ ಮಗುವೊಂದು ಬೆಳಿಗ್ಗೆಯೆಲ್ಲ ಕಿರುಚಿತ್ತು. ಊರಿಗೆ ಊರೇ ಕೆಂಡ ಕಾರುತ್ತಿತ್ತು.

"ಬೀರು ತೆಗೆದದ್ದು ಯಾರಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ನಾನೇ ತೆಗೆದೆ ಸಾರ್."

ತೆಗೆದೆ ಅಂತೆ! ಕರ್ಮಪದ ಎಲ್ಲಿ? ಏನನ್ನು ತೆಗೆದೆ? ಕರ್ಮಪದವಿಲ್ಲದ ವಾಕ್ಯವೆಂದರೆ ನನಗೆ ಉಪ್ಪಿಲ್ಲದ ಊಟ. ಅವಳನ್ನೇ ಕೇಳಬಹುದಿತ್ತು, ಆದರೆ ನನಗೆ ಹೊಟ್ಟೆ ಹಸಿದಿತ್ತು. ನಾನೇ ತುಂಬಿದೆ: 'ಬೀರುವಿನಲ್ಲಿದ್ದ ಔಷಧವನ್ನು ನಾನೇ ತೆಗೆದುಕೊಂಡೆನು.' ಎಷ್ಟು ಚಂದ! ಓದು ಬಾರದ ಆಯಾ ಹೆಬ್ಬೆಟ್ಟು ಒತ್ತಿ ಕಂಬಿ ಎಣಿಸಲು ಹೋದಳು.

ಕೋರ್ಟಿನವರು ಅವಳಿಗೆ ಪುಕ್ಕಟೆಯಾಗಿ ಒಬ್ಬ ವಕೀಲೆಯನ್ನು ಕೊಟ್ಟಾಗ ನಾನು ಮೂಗು ಮುರಿದೆ. ಜಿಪ್ಪು ಕಿತ್ತುಹೋದ ಬ್ಯಾಗಿಗೆ ಸೇಫ್ಟಿ ಪಿನ್ನು ಹಾಕಿಕೊಂಡು ಓಡಾಡುವ ಹುಡುಗಿ. ಪಿನ್ನಮ್ಮ ಅಂತ ಹೆಸರಿಟ್ಟೆ. "ತಪ್ಪು ಮಾಡದವರಿಗೆ ವಕೀಲರು ಯಾಕೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ," ಎಂದು ಠಾಣೆಯಲ್ಲೂ ಮನೆಯಲ್ಲೂ ಹೇಳಿದ್ದೇ ಹೇಳಿದೆ. ಹೆಂಡತಿ ಆಕಳಿಸಿದಳು.

ಐದು ತಿಂಗಳ ಮೇಲೆ ಕೇಸು ನಡೆಯಿತು. ಸಾಕ್ಷಿ ಹೇಳಲು ನಾನು ಹೊಸ ಷರ್ಟು ಹಾಕಿಕೊಂಡು ಹೋದೆ.

"ಅವಳು ಆಡಿದ ಮಾತು ಇದ್ದ ಹಾಗೇ ಹೇಳಿ," ಅಂದಳು ಪಿನ್ನಮ್ಮ.

"'ನಾನೇ ತೆಗೆದೆ' ಅಂದ್ಲು."

"ಔಷಧ ಅಂದ್ಲಾ?"

"ಅದು... ವಾಕ್ಯ ಪೂರ್ತಿ ಆಗ್ಲಿ ಅಂತ ನಾನು ಸೇರಿಸಿದ್ದು."

"ಬೆಳಿಗ್ಗೆ ಈ ಕೋರ್ಟಿನ ಬಾಗಿಲು ತೆಗೆದದ್ದು ಯಾರು?"

"ಜವಾನ."

"ಬಾಗಿಲನ್ನ ಮನೆಗೆ ತಗೊಂಡು ಹೋದ್ನಾ?"

ಎಲ್ಲರೂ ನಕ್ಕರು. ಆಯಾ ಮಾತ್ರ ನಗಲಿಲ್ಲ. ಅವಳು ದಿನಾ ಬೆಳಿಗ್ಗೆ ಹತ್ತಿ ಕೊಡಲು ಆ ಬೀರು ತೆಗೆಯುತ್ತಿದ್ದಳು, ಅಷ್ಟೆ. ಡಬ್ಬಿಯನ್ನು ಯಾರೋ ನರ್ಸ್ ಪಕ್ಕದ ವಾರ್ಡಿನ ಫ್ರಿಜ್ಜಿಗೆ ಸಾಗಿಸಿ ಮರೆತಿದ್ದಳು. ಪಿನ್ನಮ್ಮ ಹೋಗಿ ನೋಡುವವರೆಗೂ ಅದು ಅಲ್ಲೇ ತಣ್ಣಗೆ ಕೂತಿತ್ತು. ಕರ್ಮಪದ ಹಾಕಿದವನು ನಾನು, ಕರ್ಮ ಅನುಭವಿಸಿದವಳು ಅವಳು. ಬಿಡುಗಡೆಯಾಗಿ ತಾಯಿಯ ಕೈ ಹಿಡಿದು ನನ್ನ ಮುಂದೆಯೇ ನಡೆದು ಹೋದಳು. ನಾಚಿಕೆಯಿಂದ ನಾನು ಷರ್ಟಿನ ಗುಂಡಿ ನೋಡುತ್ತ ನಿಂತೆ.

ಮುಂದಿನ ವಾರ ನನ್ನ ಮೇಲೇ ವಿಚಾರಣೆ. ಮೇಲಧಿಕಾರಿಯ ಪಕ್ಕದಲ್ಲಿ ಹೊಸ ರೈಟರ್, ನಾನೇ ತರಬೇತಿ ಕೊಟ್ಟವನು.

"ಆ ವಾಕ್ಯ ಬರೆದದ್ದು ಯಾರು?"

"ನಾನೇ ಬರೆದೆ ಸಾರ್."

ಪೆನ್ನು ಸರಸರ ಓಡಿತು. ಅಷ್ಟು ಸಣ್ಣ ಮಾತಿಗೆ ಇಷ್ಟು ಶಾಯಿಯೇ? ಬಗ್ಗಿ ನೋಡಿದೆ: 'ಸುಳ್ಳು ಹೇಳಿಕೆಯನ್ನು ಉದ್ದೇಶಪೂರ್ವಕವಾಗಿ ನಾನೇ ಬರೆದೆನು.' ವ್ಯಾಕರಣದಲ್ಲಿ ಒಂದು ತಪ್ಪಿಲ್ಲ, ಶಿಷ್ಯ ಜಾಣ. ಕೆಲಸ ಹೋಗುವುದಿರಲಿ, ಇನ್ನು ಜೈಲೇ ಗತಿ.

"ಸಾರ್, ನಂಗೆ ವಕೀಲರು ಬೇಕು."

"ತಪ್ಪು ಮಾಡದವರಿಗೆ ವಕೀಲರು ಯಾಕ್ರೀ?" ಅಂದರು. ನನ್ನ ಮಾತು ಅಲ್ಲಿಯವರೆಗೂ ಹೋಗಿ ಮುಟ್ಟಿತ್ತು.

ಹೆಬ್ಬೆಟ್ಟಾಗಲಿ ಸಹಿಯಾಗಲಿ ಹಾಕದೆ ಹೊರಗೆ ಬಂದು, ಮಾನ ಬಿಟ್ಟು ಪಿನ್ನಮ್ಮನಿಗೆ ಫೋನ್ ಮಾಡಿದೆ. ಅವಳು ಬೈಯಲಿಲ್ಲ, ಹಂಗಿಸಲೂ ಇಲ್ಲ.

"ಅವರು ಬರೆದದ್ದು ಆಮೇಲೆ ನೋಡೋಣ. ಮೊದಲು ನೀವು ಏನಂದ್ರಿ, ಹೇಳಿ," ಅಂದಳು.

ಆಯಾಳನ್ನು ನಾನು ಕೇಳಬೇಕಿದ್ದದ್ದು ಇದೊಂದೇ ಮಾತು.